ಡಯಾಲಿಸಿಸ್ ಘಟಕದ ತ್ಯಾಜ್ಯನೀರಿನ ಸಂಸ್ಕರಣೆ: ಪೈಪು ಬೇರ್ಪಡಿಸುವುದರಿಂದ ಮಾದರಿ ಪರೀಕ್ಷೆಯವರೆಗೆ

ಡಯಾಲಿಸಿಸ್ ಯಂತ್ರದ ಹಿಂಭಾಗದ ಡ್ರೈನ್ ಪೈಪಿನಿಂದ ಬರುವ ದ್ರವವನ್ನು ಗಾಜಿನ ಬೀಕರಿನಲ್ಲಿ ಹಿಡಿದು ನೋಡಿದರೆ ಅದು ನಲ್ಲಿ ನೀರಿನಷ್ಟೇ ತಿಳಿಯಾಗಿರುತ್ತದೆ. ಬಣ್ಣವಿಲ್ಲ, ಕೆಸರಿಲ್ಲ, ಆ ಹೊತ್ತಿಗೆ ವಾಸನೆಯೂ ಇರುವುದಿಲ್ಲ. ಆದರೆ ಅದೇ ಬೀಕರಿಗೆ ಕಂಡಕ್ಟಿವಿಟಿ ಮೀಟರ್ ಅದ್ದಿದರೆ 13ರಿಂದ 14 ಮಿಲಿಸೀಮೆನ್ಸ್ ತೋರಿಸುತ್ತದೆ, ಅಂದರೆ ಲೀಟರಿಗೆ ಸುಮಾರು 9 ಗ್ರಾಂ ಉಪ್ಪು. ಅದರ ಜೊತೆಗೆ ರೋಗಿಯ ರಕ್ತದಿಂದ ಬಂದ ಯೂರಿಯಾ, ಕ್ರಿಯಾಟಿನಿನ್, ಫಾಸ್ಫೇಟ್, ಪೊಟ್ಯಾಸಿಯಂ ಮತ್ತು ಬಳಸಿದ ಕಾನ್ಸಂಟ್ರೇಟ್ (ಡಯಾಲಿಸಿಸ್ ದ್ರವ ತಯಾರಿಸಲು ನೀರಿಗೆ ಬೆರೆಸುವ ಗಟ್ಟಿ ದ್ರಾವಣ) ಸಕ್ಕರೆ ಸೇರಿಸಿದ್ದಾದರೆ ಲೀಟರಿಗೆ ಸುಮಾರು 1 ಗ್ರಾಂ ಗ್ಲೂಕೋಸ್ ಇರುತ್ತವೆ. ನೋಡಲು ತಿಳಿಯಾಗಿದೆ ಎಂಬ ಒಂದೇ ಕಾರಣಕ್ಕೆ ಇದನ್ನು ಕೈತೊಳೆಯುವ ಬೇಸಿನ್ನಿನ ನೀರಿನಂತೆ ಮೋರಿಗೆ ಬಿಡುವ ಘಟಕಗಳು ಕಡಿಮೆಯೇನಿಲ್ಲ.

2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾದ ಮೇಲೆ ಡಯಾಲಿಸಿಸ್ ಸೌಲಭ್ಯ ದೊಡ್ಡ ನಗರಗಳ ಆಸ್ಪತ್ರೆಗಳಿಂದ ಆಚೆಗೂ ಹರಡಿದೆ. ಒಳಚರಂಡಿ ಇಲ್ಲದ, ಕೊಳವೆಬಾವಿಯನ್ನೇ ನಂಬಿರುವ ಊರುಗಳಲ್ಲೂ ಯಂತ್ರಗಳು ದಿನವಿಡೀ ಓಡುತ್ತಿವೆ. ಅಂಥ ಒಂದು ಘಟಕವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ: 50 ಹಾಸಿಗೆಗಳ ಆಸ್ಪತ್ರೆ, 6 ಯಂತ್ರಗಳು, ದಿನಕ್ಕೆ 3 ಪಾಳಿ, ಅಂದರೆ 18 ಡಯಾಲಿಸಿಸ್. ನಿಮ್ಮಲ್ಲಿ ಯಂತ್ರಗಳ ಸಂಖ್ಯೆ ಬೇರೆಯಾಗಿದ್ದರೆ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಅಥವಾ ಕುಗ್ಗಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ನೀರಿನ ಲೆಕ್ಕ ಹಾಕಿ

ಸಾಮಾನ್ಯವಾಗಿ ಡಯಾಲಿಸೇಟ್, ಅಂದರೆ ರಕ್ತದ ಕಲ್ಮಶ ಹೀರಿಕೊಳ್ಳಲು ಯಂತ್ರದಲ್ಲಿ ಹರಿಸುವ ದ್ರವ, ನಿಮಿಷಕ್ಕೆ 500 ಮಿಲಿಲೀಟರಿನಂತೆ ಹರಿಯುತ್ತದೆ, ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಅದು 120 ಲೀಟರ್ ಆಗುತ್ತದೆ. ರೋಗಿಯ ದೇಹದಿಂದ ತೆಗೆದ ಎರಡು ಮೂರು ಲೀಟರ್ ದ್ರವವೂ ಇದೇ ಪೈಪಿನಲ್ಲಿ ಹೋಗುತ್ತದೆ. ಯಂತ್ರವನ್ನು ಸಿದ್ಧಪಡಿಸುವುದು, ತೊಳೆಯುವುದು ಮತ್ತು ಕ್ರಿಮಿನಾಶಕ ಹಾಯಿಸುವುದಕ್ಕೆ ಇನ್ನು 30ರಿಂದ 35 ಲೀಟರ್ ಹಿಡಿಯಿರಿ. ಒಟ್ಟು ಸುಮಾರು 155 ಲೀಟರ್ ಆಯಿತು, 18 ಡಯಾಲಿಸಿಸ್‌ಗೆ ದಿನಕ್ಕೆ 2,800 ಲೀಟರ್.

ಇದು ಯಂತ್ರದಿಂದ ಹೊರಬರುವ ನೀರು ಮಾತ್ರ. ಇಷ್ಟು ಶುದ್ಧ ನೀರನ್ನು ತಯಾರಿಸುವ ಆರ್‌ಒ ಪ್ಲಾಂಟು 50 ಪ್ರತಿಶತ ರಿಕವರಿಯಲ್ಲಿ, ಅಂದರೆ ಒಳಬಂದ ನೀರಿನ ಅರ್ಧವನ್ನಷ್ಟೇ ಶುದ್ಧ ನೀರಾಗಿಸಿ, ನಡೆಯುತ್ತಿದ್ದರೆ ಅಷ್ಟೇ ಪ್ರಮಾಣದ, ಅಂದರೆ ಮತ್ತೊಂದು 2,800 ಲೀಟರ್ ರಿಜೆಕ್ಟ್ ನೀರು ಹೊರಬೀಳುತ್ತದೆ. ಡಯಲೈಸರ್‌ಗಳನ್ನು (ರಕ್ತ ಸೋಸುವ ಪೊರೆಯ ಕೊಳವೆಗಳನ್ನು) ತೊಳೆದು ಮರುಬಳಕೆ ಮಾಡುವ ಕೋಣೆಯ ನೀರು, ನೀರಿನ ಗಡಸುತನ ತೆಗೆಯುವ ಸಾಫ್ಟ್ನರ್ ಅನ್ನು ಉಪ್ಪಿನಿಂದ ಮತ್ತೆ ಸಜ್ಜುಗೊಳಿಸುವ ರೀಜನರೇಶನ್ ಮಾಡಿದಾಗ ಬರುವ ಉಪ್ಪುನೀರು ಇದಕ್ಕೆ ಮೇಲ್ಪಟ್ಟು. ಕಾಗದದ ಲೆಕ್ಕವನ್ನೇ ನಂಬಿ ಕೂರದೆ ಆರ್‌ಒ ಒಳಹರಿವು, ಶುದ್ಧ ನೀರು ಮತ್ತು ರಿಜೆಕ್ಟ್, ಈ ಮೂರು ಕಡೆ ಸಾಧಾರಣ ನೀರಿನ ಮೀಟರ್ ಹಾಕಿಸಿ ಒಂದು ವಾರ ಬರೆದಿಡಿ. ಮುಂದೆ ತೊಟ್ಟಿ ಕಟ್ಟಿಸುವಾಗ ಗುತ್ತಿಗೆದಾರ ಹೇಳುವ ಅಳತೆಗಿಂತ ಈ ಏಳು ದಿನದ ಅಂಕಿಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಎರಡನೆಯ ಹೆಜ್ಜೆ: ಪೈಪುಗಳನ್ನು ಬೇರ್ಪಡಿಸಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಮತ್ತೊಂದಿಲ್ಲ. ಇಲ್ಲಿ ತಪ್ಪಿದರೆ ಮುಂದೆ ಎಷ್ಟು ಲಕ್ಷದ ಯಂತ್ರೋಪಕರಣ ತಂದರೂ ಅದು ಸರಿಹೋಗುವುದಿಲ್ಲ. ಡಯಾಲಿಸಿಸ್ ಘಟಕದಿಂದ ಹೊರಬರುವುದು ಮೂರು ಬಗೆಯ ನೀರು. ಆರ್‌ಒ ರಿಜೆಕ್ಟ್ ರೋಗಿಯ ಹತ್ತಿರಕ್ಕೂ ಹೋಗದ, ಯಂತ್ರವನ್ನೂ ಮುಟ್ಟದ ನೀರಾದ್ದರಿಂದ ಅದರಿಂದ ಸೋಂಕಿನ ಭಯವಿಲ್ಲ. ಎರಡನೆಯದು ಬಳಸಿದ ಡಯಾಲಿಸೇಟ್. ಇದು ಪ್ರಮಾಣದಲ್ಲಿ ದೊಡ್ಡದು, ಉಪ್ಪು ಮತ್ತು ಯೂರಿಯಾ ಇರುವಂಥದ್ದು. ಮೂರನೆಯದು ಡಯಲೈಸರ್ ತೊಳೆಯುವ ಕೋಣೆಯದು. ಪ್ರಮಾಣದಲ್ಲಿ ಸಣ್ಣದಾದರೂ ರಕ್ತದ ಅಂಶ, ಪೆರಾಸಿಟಿಕ್ ಆಮ್ಲ, ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ಕ್ರಿಮಿನಾಶಕ) ಮತ್ತು ಕೆಲವೆಡೆ ಈಗಲೂ ಬಳಸುವ ಫಾರ್ಮಲಿನ್ ಇದರಲ್ಲಿ ಸೇರಿರುತ್ತವೆ. ಈ ಮೂರಕ್ಕೂ ಮೂರು ಪ್ರತ್ಯೇಕ ಪೈಪುಗಳಿರಬೇಕು ಮತ್ತು ಪ್ರತಿಯೊಂದರ ಮೇಲೂ ಅದರ ಹೆಸರನ್ನು ಕನ್ನಡದಲ್ಲಿ ಬಣ್ಣದಿಂದ ಬರೆಸಿರಬೇಕು. ಪ್ಲಂಬರ್ ಬದಲಾದಾಗ ಹಳೆಯ ನಕ್ಷೆ ಯಾರಿಗೂ ಸಿಗುವುದಿಲ್ಲ, ಗೋಡೆಯ ಮೇಲಿನ ಬರಹ ಸಿಗುತ್ತದೆ.

ಬಳಸಿದ ಡಯಾಲಿಸೇಟ್‌ನಿಂದ ಸೋಂಕು ತಗಲುತ್ತದೆಯೇ ಎಂಬ ಪ್ರಶ್ನೆ ಸಿಬ್ಬಂದಿಯಿಂದ ಸದಾ ಬರುತ್ತದೆ. ಡಯಲೈಸರ್‌ನ ಪೊರೆ ಹರಿಯದೆ ಇರುವವರೆಗೆ ರಕ್ತಕಣಗಳಾಗಲಿ ಹೆಪಟೈಟಿಸ್, ಎಚ್‌ಐವಿ ವೈರಸ್‌ಗಳಾಗಲಿ ಆ ಸೂಕ್ಷ್ಮ ರಂಧ್ರಗಳನ್ನು ದಾಟಲಾರವು. ಆದರೆ ಪೊರೆ ಹರಿಯುವುದುಂಟು, ಆಗ ಯಂತ್ರದ ರಕ್ತಸೋರಿಕೆ ಅಲಾರಂ ಹೊಡೆದುಕೊಳ್ಳುತ್ತದೆ. ಆದ್ದರಿಂದ ಈ ದ್ರವವನ್ನು ಸೋಂಕು ಇರಬಹುದಾದ ದ್ರವವೆಂದೇ ಎಣಿಸಿ ಪೈಪು, ಚೇಂಬರ್, ತೊಟ್ಟಿ ಎಲ್ಲವನ್ನೂ ಮುಚ್ಚಿದ ಸ್ಥಿತಿಯಲ್ಲಿಡಬೇಕು; ಅಲ್ಲಿ ಕೆಲಸ ಮಾಡುವವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿರಬೇಕು.

ಪೈಪು ಜೋಡಿಸುವಾಗ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಯಂತ್ರದ ಡ್ರೈನ್ ಕೊಳವೆಯನ್ನು ಗೋಡೆಯ ಪೈಪಿನೊಳಗೆ ಆಳವಾಗಿ ತುರುಕಿ ಟೇಪು ಸುತ್ತಿ ಬಿಗಿಯುವುದು ನಮ್ಮಲ್ಲಿ ವಾಡಿಕೆ. ಮೋರಿ ಕಟ್ಟಿಕೊಂಡ ದಿನ ಹೊಲಸು ನೀರು ಹಿಮ್ಮುಖವಾಗಿ ಯಂತ್ರದ ಕಡೆಗೆ ಏರಲು ಇದೇ ದಾರಿ. ಕೊಳವೆಯ ತುದಿಗೂ ಮೋರಿಯ ಬಾಯಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಗಾಳಿಯ ಅಂತರ ಇರಲೇಬೇಕು. ಪೈಪು ಪಿವಿಸಿ ಅಥವಾ ಎಚ್‌ಡಿಪಿಇ ಆಗಿರಲಿ. ಎರಕದ ಕಬ್ಬಿಣ ಮತ್ತು ಸಿಮೆಂಟ್ ಪೈಪು ಬೇಡ, ಕಾರಣವನ್ನು ಮುಂದೆ ಹೇಳುತ್ತೇನೆ.

ಮೂರನೆಯ ಹೆಜ್ಜೆ: ರಿಜೆಕ್ಟ್ ನೀರನ್ನು ಮರುಬಳಸಿ

ಸಂಸ್ಕರಣೆಯೇ ಬೇಡದ ನೀರನ್ನು ಸಂಸ್ಕರಣಾ ಘಟಕಕ್ಕೆ ಕಳಿಸುವುದು ಎರಡು ಪಟ್ಟು ನಷ್ಟ. ಆಸ್ಟ್ರೇಲಿಯಾದ ಜೀಲಾಂಗ್ ನಗರದ ಮೂತ್ರಪಿಂಡ ತಜ್ಞ ಜಾನ್ ಅಗರ್ ಮತ್ತು ಅವರ ಸಂಗಡಿಗರು ರಿಜೆಕ್ಟ್ ನೀರನ್ನು ಮೋರಿಗೆ ಬಿಡದೆ ಮರುಬಳಸುವ ವ್ಯವಸ್ಥೆಯನ್ನು ಬಹಳ ಹಿಂದೆಯೇ ರೂಢಿಗೆ ತಂದು, ಅದರ ಬಗ್ಗೆ ಬರೆದು ಉಳಿದವರಿಗೂ ದಾರಿ ತೋರಿಸಿದರು. ನಮಗೆ ಇದರ ಅಗತ್ಯ ಅವರಿಗಿಂತ ಹೆಚ್ಚೇ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನೂ ಗಿಡಗಳಿಗೆ ಹಾಕುವುದನ್ನೂ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದ್ದು ಇನ್ನೂ ನೆನಪಿನಲ್ಲಿದೆ.

ರಿಜೆಕ್ಟ್ ಪೈಪನ್ನು ನೇರವಾಗಿ ಮುಚ್ಚಳವಿರುವ ಒಂದು ಪ್ರತ್ಯೇಕ ಸಂಪಿಗೆ ಇಳಿಸಿ, ಅಲ್ಲಿಂದ ಪಂಪಿನ ಮೂಲಕ ಮಹಡಿಯ ಮೇಲಿನ ಬೇರೆ ಟ್ಯಾಂಕಿಗೆ ಏರಿಸಿ ಶೌಚಾಲಯದ ಫ್ಲಶ್, ನೆಲ ಒರೆಸುವುದು ಮತ್ತು ಲಾಂಡ್ರಿಯ ಮೊದಲ ತೊಳೆತಕ್ಕೆ ಕೊಡಿ. ಸಾಫ್ಟ್ನರ್ ದಾಟಿ ಬಂದ ನೀರಾದ್ದರಿಂದ ಬಟ್ಟೆಗೆ ಸೋಪು ಚೆನ್ನಾಗಿ ನೊರೆಯಾಗುತ್ತದೆ. ಕಾರ್ಬನ್ ಫಿಲ್ಟರ್ ಕ್ಲೋರಿನ್ ತೆಗೆದುಹಾಕಿರುವುದರಿಂದ ಈ ನೀರು ಬೇಗ ಪಾಚಿ ಕಟ್ಟುತ್ತದೆ. ಹೀಗಾಗಿ ಟ್ಯಾಂಕಿಗೆ ಬೆಳಕು ಬೀಳಬಾರದು, ನೀರು ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಕುಡಿಯುವ ನೀರಿನ ಪೈಪಿಗೆ ಇದನ್ನು ಯಾವ ಕಾರಣಕ್ಕೂ, ತಾತ್ಕಾಲಿಕವಾಗಿಯೂ ಜೋಡಿಸಬಾರದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ, ಲೀಟರಿಗೆ 1.5 ಮಿಲಿಗ್ರಾಂ ಇದ್ದದ್ದು 50 ಪ್ರತಿಶತ ರಿಕವರಿಯ ಆರ್‌ಒ ದಾಟುವಾಗ ರಿಜೆಕ್ಟಿನಲ್ಲಿ ಹೆಚ್ಚುಕಡಿಮೆ 3 ಆಗುತ್ತದೆ.

ಗಿಡಗಳಿಗೆ ಹಾಕುವ ವಿಷಯದಲ್ಲಿ ಬಹಳ ಮಂದಿ ಎಡವುವುದನ್ನು ನೋಡಿದ್ದೇನೆ. ಟಿಡಿಎಸ್ (ಲೀಟರ್ ನೀರಿನಲ್ಲಿ ಕರಗಿರುವ ಲವಣಗಳ ಮಿಲಿಗ್ರಾಂ) ಮೀಟರ್ 900 ಅಥವಾ 1,000 ತೋರಿಸಿದರೆ ಪರವಾಗಿಲ್ಲ ಎಂದುಕೊಳ್ಳುತ್ತಾರೆ. ಆದರೆ ಸಾಫ್ಟ್ನರ್ ಮಾಡುವ ಕೆಲಸವೇ ನೀರಿನ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವುದು. ಕ್ಯಾಲ್ಸಿಯಂ ಇಲ್ಲದ, ಸೋಡಿಯಂ ತುಂಬಿದ ಆ ನೀರು ವರ್ಷಗಟ್ಟಲೆ ಬಿದ್ದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಮೇಲ್ಪದರ ಗಟ್ಟಿಕಟ್ಟುತ್ತದೆ, ನೀರು ಇಂಗುವುದಿಲ್ಲ. ಮಲೆನಾಡಿನ ಕೆಂಪು ಮಣ್ಣು ಮಳೆಗೆ ತೊಳೆದುಕೊಂಡು ಸ್ವಲ್ಪ ತಾಳಿಕೊಂಡೀತು, ಧಾರವಾಡ, ವಿಜಯಪುರದ ಎರೆಮಣ್ಣು ತಾಳುವುದಿಲ್ಲ. ಹಾಕಲೇಬೇಕೆಂದಿದ್ದರೆ ಮಳೆನೀರು ಅಥವಾ ಸಾಮಾನ್ಯ ನೀರಿನೊಡನೆ ಬೆರೆಸಿ, ಪಾತಿಗೆ ಜಿಪ್ಸಂ ಕೊಟ್ಟು, ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ ಹಾಕಿ. ಸಾಫ್ಟ್ನರ್ ಬದಲು ಆ್ಯಂಟಿಸ್ಕೇಲೆಂಟ್ (ಪೊರೆಯ ಮೇಲೆ ಸುಣ್ಣ ಕಟ್ಟದಂತೆ ತಡೆಯುವ ರಾಸಾಯನಿಕ) ಬಳಸುವ ಪ್ಲಾಂಟಾದರೆ ಈ ತೊಂದರೆ ಅಷ್ಟಿಲ್ಲ. ಸಾಫ್ಟ್ನರ್ ರೀಜನರೇಶನ್‌ನ ಉಪ್ಪುನೀರು ಮಾತ್ರ ರಿಜೆಕ್ಟ್ ಸಂಪಿಗೆ ಬೀಳದಂತೆ ವಾಲ್ವ್ ಇಟ್ಟು ಬೇರೆ ಕಡೆ ತಿರುಗಿಸಬೇಕು.

ನಾಲ್ಕನೆಯ ಹೆಜ್ಜೆ: ಒಂದು ದಿನದ ನೀರು ಹಿಡಿಯುವ ತೊಟ್ಟಿ

ಬಳಸಿದ ಡಯಾಲಿಸೇಟ್ ದಿನವಿಡೀ ಒಂದೇ ಗುಣದಲ್ಲಿ ಬರುವುದಿಲ್ಲ. ನಾಲ್ಕು ಗಂಟೆ ಸೌಮ್ಯ ಕ್ಷಾರದ ಉಪ್ಪುನೀರು ಬರುತ್ತದೆ. ಪಾಳಿ ಮುಗಿದ ಕೂಡಲೇ ಅರ್ಧ ಗಂಟೆ ಸಿಟ್ರಿಕ್ ಆಮ್ಲದ ಅಥವಾ ಪೆರಾಸಿಟಿಕ್ ಆಮ್ಲದ ಹುಳಿನೀರು ಬರುತ್ತದೆ. ಆರೂ ಯಂತ್ರಗಳಿಂದ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವ ಈ ಹುಳಿಯನ್ನು ಹಾಗೆಯೇ ಚರಂಡಿಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೊ ನಗರದ ಅನುಭವ ಕಣ್ಣ ಮುಂದಿದೆ. ಅಲ್ಲಿ ಡಯಾಲಿಸಿಸ್ ಕೇಂದ್ರಗಳ ಆಮ್ಲೀಯ ತ್ಯಾಜ್ಯನೀರು ಚರಂಡಿಯ ಕಾಂಕ್ರೀಟ್ ಪೈಪುಗಳನ್ನೇ ತಿಂದುಹಾಕಿದ್ದು ಬೆಳಕಿಗೆ ಬಂದು, ಪಿಎಚ್ 5ಕ್ಕಿಂತ ಹೆಚ್ಚು 9ಕ್ಕಿಂತ ಕಡಿಮೆ ಇರಬೇಕೆಂಬ ನಿಯಮವನ್ನು ಕೇಂದ್ರಗಳು ಕಟ್ಟುನಿಟ್ಟಾಗಿ ಪಾಲಿಸುವಂತೆ ಅಲ್ಲಿನ ಚರಂಡಿ ಇಲಾಖೆ ಪಟ್ಟುಹಿಡಿಯಬೇಕಾಯಿತು. ಸಿಮೆಂಟ್ ಪೈಪು ಬೇಡವೆಂದು ಮೊದಲೇ ಹೇಳಿದ್ದು ಇದಕ್ಕೆ.

ಪರಿಹಾರ ದುಬಾರಿಯದಲ್ಲ. ದಿನದ ಇಡೀ ನೀರನ್ನು ಹಿಡಿಯುವ 3,000ದಿಂದ 3,500 ಲೀಟರಿನ ಮುಚ್ಚಿದ ಎಚ್‌ಡಿಪಿಇ ಟ್ಯಾಂಕ್ ಇಟ್ಟು, ಅದರ ತಳದಲ್ಲಿ ಗಾಳಿ ಬಿಡುವ ಸಣ್ಣ ಬ್ಲೋವರ್ ಅಳವಡಿಸಿದರೆ ಬಹುಪಾಲು ಕೆಲಸ ತಾನಾಗಿಯೇ ಆಗುತ್ತದೆ. ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ನಡೆಸುವವರು ಈಕ್ವಲೈಸೇಶನ್ ಟ್ಯಾಂಕ್ ಎನ್ನುವುದು ಇದನ್ನೇ. ಇದರ ಹಿಂದಿರುವ ಲೆಕ್ಕ ಸ್ವಾರಸ್ಯಕರವಾಗಿದೆ. ಒಂದು ಬಾರಿ ಯಂತ್ರ ತೊಳೆಯಲು 50 ಪ್ರತಿಶತದ ಸಿಟ್ರಿಕ್ ಆಮ್ಲ 100 ಮಿಲಿಲೀಟರ್ ಹೋಯಿತೆಂದುಕೊಳ್ಳಿ, ಅದರಲ್ಲಿರುವುದು ಸುಮಾರು 0.8 ಈಕ್ವಿವೆಲೆಂಟ್ ಆಮ್ಲ (ಅಷ್ಟೇ ಮೋಲ್ ಬೈಕಾರ್ಬೊನೇಟ್ ಇದನ್ನು ಮುರಿಯುತ್ತದೆ). ಅದೇ ಯಂತ್ರದಿಂದ ಹೊರಬಂದ 120 ಲೀಟರ್ ಡಯಾಲಿಸೇಟ್‌ನಲ್ಲಿ, ಲೀಟರಿಗೆ 28 ಮಿಲಿಮೋಲ್‌ನಂತೆ ಹಿಡಿದರೆ, 3.3 ಮೋಲ್‌ಗಿಂತ ಹೆಚ್ಚು ಬೈಕಾರ್ಬೊನೇಟ್ ಇದೆ. ಅಂದರೆ ಹುಳಿಯನ್ನು ಮುರಿಯಲು ಬೇಕಾದುದರ ನಾಲ್ಕು ಪಟ್ಟು ಕ್ಷಾರ ಆ ನೀರಿನಲ್ಲೇ ಇದೆ, ಎರಡನ್ನೂ ಒಂದೇ ತೊಟ್ಟಿಯಲ್ಲಿ ಕೂಡಿಸಿದರೆ ಸಾಕು. ಡಬ್ಬಿಯಲ್ಲಿ ಉಳಿದ ಎ (ಆಮ್ಲ) ಮತ್ತು ಬಿ (ಬೈಕಾರ್ಬೊನೇಟ್) ಕಾನ್ಸಂಟ್ರೇಟ್‌ಗಳನ್ನೂ ಸಿಂಕಿಗೆ ಸುರಿಯದೆ ಸ್ವಲ್ಪಸ್ವಲ್ಪವಾಗಿ ಇದೇ ತೊಟ್ಟಿಗೆ ಬಿಡಿ. ಎರಡನ್ನೂ ಒಮ್ಮೆಲೇ ಸುರಿದರೆ ಇಂಗಾಲದ ಡೈಆಕ್ಸೈಡ್ ಭುಸ್ಸೆಂದು ಉಕ್ಕುತ್ತದೆ, ಆದ್ದರಿಂದ ತೊಟ್ಟಿಗೆ ಹೊರಗೆ ತೆರೆಯುವ ಗಾಳಿಕೊಳವೆ ಇರಲಿ. ಇಷ್ಟಾದ ಮೇಲೂ ಪಿಎಚ್ 6.5ಕ್ಕಿಂತ ಕೆಳಗೆ ನಿಂತರೆ ಮಾತ್ರ ಸೋಡಾ ಆ್ಯಶ್ ಬೇಕಾಗುತ್ತದೆ.

ಐದನೆಯ ಹೆಜ್ಜೆ: ಕ್ರಿಮಿನಾಶಕವನ್ನು ತಟಸ್ಥಗೊಳಿಸಿ

ನಾನು ಸಲಹೆಗೆಂದು ಹೋಗುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಪ್ರತಿ ಸೋಮವಾರ ಎಸ್‌ಟಿಪಿ ಕೈಕೊಡುತ್ತಿತ್ತು. ಗಾಳಿ ತೊಟ್ಟಿಯ ಮೇಲೆ ಬೆಳ್ಳನೆಯ ನೊರೆ, ನೀರಿನಲ್ಲಿ ಮಬ್ಬು, ಬುಧವಾರದ ಹೊತ್ತಿಗೆ ತಾನಾಗಿ ಸರಿಹೋಗುವುದು. ಬ್ಲೋವರ್ ಬದಲಾಯಿಸಿದರು, ಹೊಸ ಕಲ್ಚರ್ (ಸೂಕ್ಷ್ಮಜೀವಿಗಳ ದ್ರಾವಣ) ತಂದು ಸುರಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ಭಾನುವಾರ ಸಂಜೆ ಹೋಗಿ ನಿಂತು ನೋಡಿದಾಗ ಟೆಕ್ನಿಷಿಯನ್ ವಾರದ ಶುಚಿಗಾಗಿ ಎಲ್ಲ ಯಂತ್ರಗಳಿಗೂ ಆರ್‌ಒ ಲೂಪಿಗೂ ಕ್ರಮಬದ್ಧವಾಗಿ ಹೈಪೋ ಹಾಯಿಸುತ್ತಿದ್ದರು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ಆ ಹೈಪೋ ಯಾವ ತಡೆಯೂ ಇಲ್ಲದೆ ಹತ್ತೇ ನಿಮಿಷದಲ್ಲಿ ಎಸ್‌ಟಿಪಿಯ ಸೂಕ್ಷ್ಮಜೀವಿಗಳ ಮೇಲೆ ಹೋಗಿ ಬೀಳುತ್ತಿದ್ದುದು ತಪ್ಪಾಗಿತ್ತು.

ಹೈಪೋ ಬಳಸಿದ ದಿನ ಸಂಗ್ರಹ ತೊಟ್ಟಿಯ ಹೊರವಾಲ್ವ್ ಮುಚ್ಚಿ, ಉಳಿಕೆ ಕ್ಲೋರಿನ್ ಪರೀಕ್ಷಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಮುರಿದ ಮೇಲೆಯೇ ನೀರನ್ನು ಮುಂದಕ್ಕೆ ಬಿಡಬೇಕು. ಒಂದು ಗ್ರಾಂ ಕ್ಲೋರಿನ್‌ಗೆ ಲೆಕ್ಕದ ಪ್ರಕಾರ 1.34 ಗ್ರಾಂ ಸಾಕು. 3,000 ಲೀಟರ್ ತೊಟ್ಟಿಯಲ್ಲಿ ಲೀಟರಿಗೆ 5 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಒಟ್ಟು ಕ್ಲೋರಿನ್ 15 ಗ್ರಾಂ, ಅದಕ್ಕೆ ಬೇಕಾದದ್ದು 20 ಗ್ರಾಂ. ವ್ಯವಹಾರದಲ್ಲಿ 25ರಿಂದ 30 ಗ್ರಾಂ ಅನ್ನು ಬಕೆಟ್ ನೀರಿನಲ್ಲಿ ಕರಗಿಸಿ ಸುರಿದು, ಕಾಲು ಗಂಟೆ ಗಾಳಿಯಾಡಿಸಿ ಮತ್ತೆ ಪರೀಕ್ಷಿಸಿ. ಪೆರಾಸಿಟಿಕ್ ಆಮ್ಲ ಇಷ್ಟು ಹಟಮಾರಿಯಲ್ಲ, ಕೆಲವು ಗಂಟೆಗಳಲ್ಲಿ ತಾನಾಗಿಯೇ ಅಸಿಟಿಕ್ ಆಮ್ಲ, ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದು ದಿನದ ತೊಟ್ಟಿ ಇರುವ ಕಡೆ ಅದರ ಚಿಂತೆ ಹೆಚ್ಚಿಲ್ಲ.

ಹೈಪೋವನ್ನು ಸಿಟ್ರಿಕ್ ಅಥವಾ ಪೆರಾಸಿಟಿಕ್ ಆಮ್ಲದೊಂದಿಗೆ ಒಂದೇ ಬಕೆಟ್ಟಿನಲ್ಲಿ, ಒಂದೇ ಸಿಂಕಿನಲ್ಲಿ ಬೆರೆಯಲು ಎಂದೂ ಬಿಡಬೇಡಿ. ಕ್ಲೋರಿನ್ ಅನಿಲ ಹುಟ್ಟುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ಎರಡು ಬಗೆಯ ತೊಳೆತದ ನಡುವೆ ಸಾದಾ ನೀರು ಹಾಯಿಸಿದ ಮೇಲೆಯೇ ಮುಂದಿನದು. ಮೆಟಾಬೈಸಲ್ಫೈಟ್ ಕೂಡ ಹುಳಿನೀರಿಗೆ ಬಿದ್ದರೆ ಘಾಟು ಅನಿಲ ಬಿಡುತ್ತದೆ, ಹೀಗಾಗಿ ಮೊದಲು ಪಿಎಚ್ ನೋಡಿ, ನಂತರ ಅದನ್ನು ಹಾಕಿ.

ಫಾರ್ಮಲಿನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಡಯಲೈಸರ್ ಸಂಗ್ರಹಕ್ಕೆ ಅದನ್ನು ಬಿಟ್ಟು ಪೆರಾಸಿಟಿಕ್ ಆಮ್ಲಕ್ಕೆ ಬದಲಾಯಿಸಿಕೊಳ್ಳಿ. ಬದಲಾಯಿಸುವವರೆಗೆ ಹಳೆಯ ಫಾರ್ಮಲಿನ್ ಅನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಬೇರೆಯಾಗಿ ಶೇಖರಿಸಬೇಕು. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 ಇದನ್ನು ಹಳದಿ ವರ್ಗದ ರಾಸಾಯನಿಕ ದ್ರವ ತ್ಯಾಜ್ಯದಲ್ಲಿ ಸೇರಿಸಿವೆ ಮತ್ತು ಇತರ ತ್ಯಾಜ್ಯನೀರಿನೊಡನೆ ಬೆರೆಸುವ ಮುನ್ನ ಪೂರ್ವಸಂಸ್ಕರಣೆ ಆಗಲೇಬೇಕೆಂದು ಹೇಳುತ್ತವೆ. ಡಯಲೈಸರ್ ತೊಳೆಯುವ ಕೋಣೆಯ ರಕ್ತಮಿಶ್ರಿತ ನೀರು ಕೂಡ ಕ್ರಿಮಿನಾಶಕದ ಸಂಪರ್ಕ ಮುಗಿಸಿಯೇ ಸಂಗ್ರಹ ತೊಟ್ಟಿಗೆ ಬರಬೇಕು.

ಆರನೆಯ ಹೆಜ್ಜೆ: ಜೈವಿಕ ಸಂಸ್ಕರಣೆ

ತಟಸ್ಥವಾದ ಈ ನೀರನ್ನು ಆಸ್ಪತ್ರೆಯ ಉಳಿದ ಕೊಳಚೆಯೊಂದಿಗೆ ಎಸ್‌ಟಿಪಿಗೆ ನಿಧಾನವಾಗಿ, ಗಂಟೆಗೆ ಸುಮಾರು 120 ಲೀಟರಿನಂತೆ ಇಡೀ 24 ಗಂಟೆ ಬಿಡಿ. ಸೂಕ್ಷ್ಮಜೀವಿಗಳು ಉಪ್ಪನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತವೆ, ಆದರೆ ಬೆಳಿಗ್ಗೆ ಉಪ್ಪು ರಾತ್ರಿ ಸಪ್ಪೆ ಎಂಬ ಏರಿಳಿತವನ್ನು ಸಹಿಸುವುದಿಲ್ಲ. ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಜೀವಪದರ ಬೆಳೆಸುವ ಎಂಬಿಬಿಆರ್ ಬಗೆಯ ಘಟಕ ಇಂಥ ಕಡೆ ಹೆಚ್ಚು ಹೊಂದಿಕೊಳ್ಳುತ್ತದೆ ಎಂಬುದು ನನ್ನ ಅನುಭವ. ತೇಲುವ ಕೆಸರಿನ ಘಟಕದಲ್ಲಿ ಒಂದು ಆಘಾತಕ್ಕೆ ಕೆಸರೆಲ್ಲ ಕೊಚ್ಚಿಹೋಗಬಹುದು, ಬಿಲ್ಲೆಗೆ ಅಂಟಿದ ಪದರ ಅಷ್ಟು ಸುಲಭವಾಗಿ ಕಳಚುವುದಿಲ್ಲ.

ತಿಳಿನೀರು ಎಂದು ಹೊರೆಯನ್ನು ಕಡಿಮೆ ಅಂದಾಜು ಮಾಡಬೇಡಿ. ಒಂದು ಡಯಾಲಿಸಿಸ್‌ನಲ್ಲಿ ಸುಮಾರು 35 ಗ್ರಾಂ ಯೂರಿಯಾ, ಅಂದರೆ 16 ಗ್ರಾಂ ಸಾರಜನಕ ಹೊರಬರುತ್ತದೆ. ಹದಿನೆಂಟಕ್ಕೆ 290 ಗ್ರಾಂ ಆಗುತ್ತದೆ, ಇದು ಇಪ್ಪತ್ತೈದು ಆರೋಗ್ಯವಂತರು ದಿನಕ್ಕೆ ವಿಸರ್ಜಿಸುವ ಸಾರಜನಕಕ್ಕೆ ಸಮ. ಯೂರಿಯಾ ಒಡೆದು ಅಮೋನಿಯಾ ಆಗಿ, ಅದು ನೈಟ್ರೇಟ್ ಆಗಲು ಪ್ರತಿ ಗ್ರಾಂ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು, ಒಟ್ಟು 1.3 ಕಿಲೋ. ಸಕ್ಕರೆಯುಳ್ಳ ಕಾನ್ಸಂಟ್ರೇಟ್ ಆದರೆ ಅದರಿಂದಲೇ ಮತ್ತೆ ಎರಡು ಕಿಲೋಗೂ ಹೆಚ್ಚು ಆಮ್ಲಜನಕದ ಬೇಡಿಕೆ ಬರುತ್ತದೆ. ಹಳೆಯ ಎಸ್‌ಟಿಪಿಗೆ ಹೊಸ ಡಯಾಲಿಸಿಸ್ ಘಟಕ ಜೋಡಿಸುವಾಗ ಬ್ಲೋವರ್‌ನ ಸಾಮರ್ಥ್ಯವನ್ನು ಮತ್ತೆ ಲೆಕ್ಕ ಹಾಕಿಸಿ. ಯಾರೂ ಹಾಕಿಸುವುದಿಲ್ಲ, ಆಮೇಲೆ ಅಮೋನಿಯಾ ವಾಸನೆ ಬಂದಾಗ ಪಕ್ಕದ ಮನೆಯವರೊಂದಿಗೆ ಜಗಳ ಶುರುವಾಗುತ್ತದೆ.

ಒಂದು ಅನುಕೂಲವೂ ಇದೆ. ಅಮೋನಿಯಾ ನೈಟ್ರೇಟ್ ಆಗುವಾಗ ಪ್ರತಿ ಮಿಲಿಗ್ರಾಂ ಸಾರಜನಕಕ್ಕೆ 7.14 ಮಿಲಿಗ್ರಾಂ ಕ್ಷಾರತೆ ಖರ್ಚಾಗುತ್ತದೆ, ಸಾಮಾನ್ಯ ಕೊಳಚೆಯಲ್ಲಿ ಅದು ಸಾಲದೆ ಸುಣ್ಣ ಹಾಕಬೇಕಾಗಿ ಬರುವುದುಂಟು. ಡಯಾಲಿಸೇಟ್ ಲೀಟರಿಗೆ ಸುಮಾರು 1,400 ಮಿಲಿಗ್ರಾಂ ಕ್ಷಾರತೆಯನ್ನು ತಾನೇ ಹೊತ್ತು ತರುತ್ತದೆ, ಅದರ ಸಾರಜನಕಕ್ಕೆ ಬೇಕಾದದ್ದು ಸಾವಿರದೊಳಗೆ. ಹೀಗಾಗಿ ಸುಣ್ಣದ ಚೀಲ ಬೇಕಾಗುವುದಿಲ್ಲ. ಫಾಸ್ಫೇಟ್ ಅಷ್ಟೇನೂ ಇರುವುದಿಲ್ಲ, ಕೆರೆಗೆ ಹತ್ತಿರದ ಘಟಕವಾದರೆ ಆಲಂ ಹಾಕಿ ಇಳಿಸಿಕೊಳ್ಳಬಹುದು.

ಏಳನೆಯ ಹೆಜ್ಜೆ: ಉಪ್ಪಿಗೆ ಜಾಗ ಹುಡುಕಿ

ಯಾವ ಎಸ್‌ಟಿಪಿಯೂ ಉಪ್ಪನ್ನು ತೆಗೆಯುವುದಿಲ್ಲ. ಒಳಗೆ ಹೋದ ಉಪ್ಪು ಅಷ್ಟೂ ಹೊರಗೆ ಬರುತ್ತದೆ, ಬೆರೆಸಿ ತೆಳುವಾಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ತೊಳೆತದ ನೀರು ಸೇರಿದ ಮೇಲೆ ಸಂಗ್ರಹ ತೊಟ್ಟಿಯ ನೀರಿನ ಟಿಡಿಎಸ್ ಸುಮಾರು 7,000 ಇರುತ್ತದೆ. ಹೊರಬಿಡುವ ನೀರಿಗೆ ಸಾಮಾನ್ಯವಾಗಿ ವಿಧಿಸುವ ಮಿತಿ 2,100.

ನಮ್ಮ ಉದಾಹರಣೆಯ ಆಸ್ಪತ್ರೆಯನ್ನೇ ನೋಡೋಣ. ಭಾರತೀಯ ಮಾನಕದ ಪ್ರಕಾರ ನೂರಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ನೀರು, ಅಂದರೆ 50 ಹಾಸಿಗೆಗೆ 17,000 ಲೀಟರ್. ಅದರ 80 ಪ್ರತಿಶತ ಕೊಳಚೆಯಾದರೆ 13,600 ಲೀಟರ್. ಇದಕ್ಕೆ 2,800 ಲೀಟರ್ ಡಯಾಲಿಸಿಸ್ ನೀರು ಸೇರಿದರೆ ಅದರ ಪಾಲು 17 ಪ್ರತಿಶತ. ಕೊಳಚೆಯ ಟಿಡಿಎಸ್ 700 ಇದ್ದರೆ ಮಿಶ್ರಣದ್ದು 1,800ರ ಆಸುಪಾಸಿಗೆ ನಿಲ್ಲುತ್ತದೆ, ಮಿತಿಯೊಳಗೆ ಇದೆ. ಅದೇ ಆಸ್ಪತ್ರೆ ಗಡಸು ನೀರಿನ ಕೊಳವೆಬಾವಿಯದಾಗಿ ಕೊಳಚೆಯದೇ 1,500 ಇದ್ದರೆ ಮಿಶ್ರಣ 2,400 ದಾಟುತ್ತದೆ. ಆಗ ಮಳೆನೀರಿನ ಸಂಗ್ರಹವನ್ನು ಆಸ್ಪತ್ರೆಯ ಬಳಕೆಗೆ ತರಬೇಕು ಅಥವಾ ಡಯಾಲಿಸಿಸ್ ನೀರಿನ ಒಂದು ಪಾಲನ್ನು ಟ್ಯಾಂಕರಿನಲ್ಲಿ ಪುರಸಭೆಯ ದೊಡ್ಡ ಸಂಸ್ಕರಣಾ ಘಟಕಕ್ಕೆ ಅನುಮತಿ ಪಡೆದು ಕಳಿಸಬೇಕು. ಆಸ್ಪತ್ರೆಯೇ ಇಲ್ಲದೆ ಬರೀ ಡಯಾಲಿಸಿಸ್ ನಡೆಸುವ ಕೇಂದ್ರಗಳಿಗೆ ಬೆರೆಸಲು ಕೊಳಚೆಯೇ ಇರುವುದಿಲ್ಲ. ಅಂಥವನ್ನು ಒಳಚರಂಡಿ (ಯುಜಿಡಿ) ಸಂಪರ್ಕವಿಲ್ಲದ ಬಡಾವಣೆಯಲ್ಲಿ ತೆರೆಯದಿರುವುದೇ ಒಳ್ಳೆಯದು.

ಬಳಸಿದ ಡಯಾಲಿಸೇಟ್‌ನಲ್ಲಿ ಸಾರಜನಕ, ಪೊಟ್ಯಾಸಿಯಂ ಇದೆಯೆಂದು ಅದನ್ನು ತೋಟಕ್ಕೆ ಹರಿಸುವ ಸಲಹೆಯನ್ನೂ ಕೇಳಿದ್ದೇನೆ. ಮೊರಾಕ್ಕೊದಂಥ ಒಣ ದೇಶದಲ್ಲಿ ತಜ್ಞರು ಈ ಯೋಚನೆ ಮಾಡಿದ್ದಾರೆ ನಿಜ, ಆದರೆ ಉಪ್ಪು ತೆಗೆಯದೆ ಅದು ಆಗದು. ಮಣ್ಣಿಗೆ ಸೋಡಿಯಂನಿಂದಾಗುವ ಹಾನಿಯನ್ನು ಅಳೆಯುವ ಸೋಡಿಯಂ ಹೀರಿಕೆ ಅನುಪಾತ 26 ದಾಟಿದರೆ ನೀರಾವರಿಗೆ ಅತ್ಯಂತ ಅಪಾಯಕಾರಿ ಎನ್ನುತ್ತಾರೆ. ಡಯಾಲಿಸೇಟ್‌ನ ಸೋಡಿಯಂ 138, ಕ್ಯಾಲ್ಸಿಯಂ 3, ಮೆಗ್ನೀಸಿಯಂ 1 ಮಿಲಿಈಕ್ವಿವೆಲೆಂಟ್ ಹಿಡಿದು ಲೆಕ್ಕ ಹಾಕಿದರೆ ಆ ಅನುಪಾತ ನೂರರ ಹತ್ತಿರ ಬರುತ್ತದೆ.

ಎಂಟನೆಯ ಹೆಜ್ಜೆ: ಸೋಸುವಿಕೆ ಮತ್ತು ಕೆಸರು

ಎಸ್‌ಟಿಪಿಯಿಂದ ಬಂದ ನೀರನ್ನು ಮರಳಿನ ಫಿಲ್ಟರ್, ಕಾರ್ಬನ್ ಫಿಲ್ಟರ್ ದಾಟಿಸಿ ಯುವಿ ಅಥವಾ ಮಿತವಾದ ಕ್ಲೋರಿನ್ ಕೊಡುವುದು ವಾಡಿಕೆಯ ಕ್ರಮ. ಕೆಸರನ್ನು ಒಣಗಿಸಿ ಆಸ್ಪತ್ರೆಯ ತೋಟಕ್ಕೆ ಹಾಕಬಾರದು, ಅದು ಸಾಮೂಹಿಕ ಜೈವಿಕ ವೈದ್ಯಕೀಯ ತ್ಯಾಜ್ಯ ಘಟಕಕ್ಕೆ ಹೋಗಬೇಕು. ತೊಟ್ಟಿ ಶುಚಿಮಾಡಲು ಮನುಷ್ಯರನ್ನು ಒಳಗಿಳಿಸಬೇಡಿ. ಅಪಾಯಕಾರಿ ಶುಚಿಗೆ ಮನುಷ್ಯರನ್ನು ಹಚ್ಚುವುದನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ, ತಳದಲ್ಲಿ ಕೂತಿರುವ ಹೈಡ್ರೋಜನ್ ಸಲ್ಫೈಡ್ ಎರಡನೆಯ ಉಸಿರಿಗೆ ಅವಕಾಶ ಕೊಡುವುದಿಲ್ಲ. ಸಕ್ಕಿಂಗ್ ಯಂತ್ರ ತರಿಸಿ.

ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್, ಅಂದರೆ ಸಿಎಪಿಡಿ ಮಾಡಿಕೊಳ್ಳುವವರಿಗೆ ಇಷ್ಟೆಲ್ಲ ಬೇಕಿಲ್ಲ. ದಿನಕ್ಕೆ ಬರುವ ಎಂಟು ಲೀಟರಿನಷ್ಟು ದ್ರವವನ್ನು ಶೌಚದ ಕಮೋಡಿಗೆ ಸಿಡಿಯದಂತೆ ಸುರಿದು, ಮುಚ್ಚಿ ಫ್ಲಶ್ ಮಾಡಿ ಕೈ ತೊಳೆದುಕೊಂಡರೆ ಸಾಕು. ಸಕ್ಕರೆ ತುಂಬಿರುವ ದ್ರವವಾದ್ದರಿಂದ ಹಿತ್ತಲಿಗೆ ಚೆಲ್ಲಿದರೆ ಇರುವೆ, ನೊಣ ಮುತ್ತುತ್ತವೆ. ದ್ರವ ಮಬ್ಬಾಗಿ ಬಂದರೆ ಮಾತ್ರ ಚೆಲ್ಲಬೇಡಿ, ಚೀಲದ ಸಮೇತ ಆಸ್ಪತ್ರೆಗೆ ಒಯ್ಯಿರಿ.

ಒಂಬತ್ತನೆಯ ಹೆಜ್ಜೆ: ಅಳತೆ ಮತ್ತು ದಾಖಲೆ

2016ರ ನಿಯಮಗಳು ಹೊರಬಿಡುವ ನೀರಿಗೆ ಗೊತ್ತುಪಡಿಸಿರುವ ಮಿತಿಗಳು ಹೀಗಿವೆ: ಪಿಎಚ್ 6.5ರಿಂದ 9.0, ಲೀಟರಿಗೆ ತೇಲುಘನ 100 ಮಿಲಿಗ್ರಾಂ, ಎಣ್ಣೆ ಮತ್ತು ಜಿಡ್ಡು 10, ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) 30, ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) 250. ಜೊತೆಗೆ, ಏನೂ ಬೆರೆಸದ ಆ ನೀರಿನಲ್ಲಿ ಬಿಟ್ಟ ಮೀನುಗಳಲ್ಲಿ 90 ಪ್ರತಿಶತ 96 ಗಂಟೆಗಳ ನಂತರವೂ ಬದುಕಿರಬೇಕು. ಮೀನಿನ ಪರೀಕ್ಷೆಯಲ್ಲಿ ಸೋಲುವ ಘಟಕಗಳಲ್ಲಿ ಮೊದಲು ಹುಡುಕಬೇಕಾದದ್ದು ಉಳಿಕೆ ಕ್ಲೋರಿನ್ ಮತ್ತು ಅಮೋನಿಯಾ. ಟಿಡಿಎಸ್‌ನಂಥ ಹೆಚ್ಚುವರಿ ಮಿತಿಗಳು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿರಬಹುದು, ಅದನ್ನು ಕಡತದಿಂದ ತೆಗೆದು ಒಮ್ಮೆ ಓದಿ. ವಾರ್ಷಿಕ ವರದಿಯನ್ನು ಜೂನ್ 30ರೊಳಗೆ ಸಲ್ಲಿಸಬೇಕು.

ದಿನದ ದಾಖಲೆಗೆ ದೊಡ್ಡ ತಂತ್ರಾಂಶ ಬೇಕಿಲ್ಲ. ಗೆರೆ ಹಾಕಿದ ಒಂದು ಪುಸ್ತಕದಲ್ಲಿ ತೊಟ್ಟಿಯ ಪಿಎಚ್, ಕಂಡಕ್ಟಿವಿಟಿ, ಉಳಿಕೆ ಕ್ಲೋರಿನ್, ಮೂರು ಮೀಟರುಗಳ ಅಂಕಿ ಮತ್ತು ಆ ದಿನ ಬಳಸಿದ ಕ್ರಿಮಿನಾಶಕದ ಹೆಸರು, ಇಷ್ಟನ್ನು ಟೆಕ್ನಿಷಿಯನ್ ಸಹಿ ಸಮೇತ ಬರೆದರೆ ಸಾಕು. ಪ್ರಯೋಗಾಲಯದವರು ತಿಂಗಳ ಮಾದರಿಗೆ ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾರೆ, ಆಗ ಯಂತ್ರಗಳೆಲ್ಲ ಸಮಾಧಾನವಾಗಿ ಓಡುತ್ತಿರುತ್ತವೆ ಮತ್ತು ವರದಿ ಚೆನ್ನಾಗಿಯೇ ಬರುತ್ತದೆ. ಮೂರು ತಿಂಗಳಿಗೊಮ್ಮೆಯಾದರೂ ಅವರನ್ನು ಹೈಪೋ ತೊಳೆತದ ಮರುದಿನ ಬೆಳಿಗ್ಗೆ ಆರಕ್ಕೆ, ಮೊದಲ ಪಾಳಿಯ ರೋಗಿಗಳು ಒಳಗೆ ಬರುವ ಹೊತ್ತಿಗೆ ಕರೆಸಿ ಮಾದರಿ ತೆಗೆಸಿ.